ಇಪ್ಪತ್ತರ ಹರೆಯಕ್ಕೊಂದು ಕೊಡೆ

ಸಿಡ್ನಿಯ ಕೇಂದ್ರದಿಂದ ನೈರುತ್ಯ ದಿಕ್ಕಿಗೆ ಸುಮಾರು ಮೂವತ್ತು ಕಿಲೋಮೀಟರು ದೂರದಲ್ಲಿ, ಜಾರ್ಜಸ್ ನದಿಯ ದಂಡೆಯ ಮೇಲೆ, 1810ರ ನವೆಂಬರಿನಲ್ಲಿ ಗವರ್ನರ್ ಮೆಕ್ವಾರಿಯು ನೆಲ ಗುರುತಿಸಿ ಹೆಸರಿಟ್ಟ ಲಿವರ್‌ಪೂಲ್ ಎಂಬ ಊರು, ಆ ಹೆಸರನ್ನು ಕೇಳಿದೊಡನೆ ಇಂಗ್ಲೆಂಡಿನ ಮಂಜು ಮುಸುಕಿದ ಬಂದರನ್ನು ನೆನೆಯುವವರ ಊಹೆಗೆ ನಿಲುಕದಷ್ಟು ಬಿಸಿಲಿನ ಊರು. ಕಡಲ ದಡದ ಬಡಾವಣೆಗಳಿಗೆ ಮಧ್ಯಾಹ್ನದ ಹೊತ್ತಿಗೆ ದೊರೆಯುವ ತಂಗಾಳಿ ಇಲ್ಲಿಯವರೆಗೆ ಬರುವಷ್ಟರಲ್ಲಿ ಬಲಗುಂದಿರುತ್ತದೆ. ಇಲ್ಲಿಗೆ ವಾಯವ್ಯದಲ್ಲಿರುವ ಪೆನ್ರಿತ್‌ನಲ್ಲಿ 2020ರ ಜನವರಿ 4ರಂದು 48.9 ಡಿಗ್ರಿ ಸೆಲ್ಸಿಯಸ್ ಶಾಖ ದಾಖಲಾದುದನ್ನು ಈ ಭಾಗದ ಜನ ಇನ್ನೂ ಮರೆತಿಲ್ಲ. ಈ ಊರಿನಲ್ಲಿ, ನನ್ನ ಮಗನ ಮನೆಯ ಹಜಾರದ ಗೂಟಕ್ಕೆ, ಎಂಟು ವರ್ಷದ ಮೊಮ್ಮಗನ ಶಾಲೆಯ ಟೋಪಿಯೊಂದು ತೂಗುತ್ತಿರುತ್ತದೆ: ಸುತ್ತಲೂ ನಾಲ್ಕು ಬೆರಳಗಲದ ಅಂಚುಳ್ಳ, ಗಲ್ಲದ ಕೆಳಗೆ ಹಾಯುವ ದಾರವುಳ್ಳ, ಬೆವರಿನಿಂದ ಒಳಪಟ್ಟಿ ಕಂದಿಹೋದ ನೀಲಿ ಬಟ್ಟೆಯ ಟೋಪಿ. ಅದೇ ಹಜಾರದ ಕೊನೆಯಲ್ಲಿರುವ ಬಚ್ಚಲುಮನೆಯ ಕನ್ನಡಿಯ ಕೆಳಗೆ, ಓದಲೆಂದು ಬಂದು ನಮ್ಮೊಡನಿರುವ ನನ್ನ ತಮ್ಮನ ಮಗಳ, ಇಪ್ಪತ್ತಮೂರು ವರ್ಷದ ಹುಡುಗಿಯ, ಹನ್ನೊಂದು ಸೀಸೆಗಳು ಸಾಲಾಗಿ ನಿಂತಿವೆ.

ಟೋಪಿಯ ಕಥೆ ಸರಳವಾದದ್ದು. ಈ ದೇಶದ ಪ್ರಾಥಮಿಕ ಶಾಲೆಗಳಲ್ಲಿ ಟೋಪಿಯಿಲ್ಲದವನಿಗೆ ಆಟವಿಲ್ಲ ಎಂಬುದು ಮಗ್ಗಿಯಷ್ಟೇ ದೃಢವಾದ ನಿಯಮ. ಮರೆತು ಬಂದ ಮಗು ಆ ದಿನ ಚಾವಣಿಯ ನೆರಳಿನಲ್ಲಿ ಕುಳಿತು ಗೆಳೆಯರ ಆಟವನ್ನು ನೋಡುತ್ತಿರಬೇಕಾಗುವುದರಿಂದ, ನಮ್ಮ ಮೊಮ್ಮಗ ಬುತ್ತಿಯನ್ನು ಮರೆತರೂ ಟೋಪಿಯನ್ನು ಮರೆಯುವುದಿಲ್ಲ. ಆದರೆ ಪ್ರೌಢಶಾಲೆಯ ಮೆಟ್ಟಿಲು ಹತ್ತಿದ ಮೇಲೆ ಆ ಟೋಪಿ ನಾಚಿಕೆಯ ವಸ್ತುವಾಗುತ್ತದೆ, ಕಾಲೇಜಿಗೆ ಬರುವಷ್ಟರಲ್ಲಿ ಮಾಯವಾಗುತ್ತದೆ, ಮತ್ತು ಬಿಸಿಲಿನ ಲೆಕ್ಕವನ್ನು ಕೇಳುವವರು ಯಾರೂ ಇಲ್ಲದ ಆ ವಯಸ್ಸಿನಲ್ಲಿಯೇ, ಮುಪ್ಪು ಬಂದೀತೆಂಬ ಭಯವನ್ನು ಮಾರುವವರು ಬಾಗಿಲಿಗೆ ಬರುತ್ತಾರೆ. ನಮ್ಮ ಹುಡುಗಿ ರಾತ್ರಿ ಒಂಬತ್ತೂವರೆಗೆ ಕನ್ನಡಿಯ ಮುಂದೆ ನಿಂತು ಹನಿಗೊಳವೆಯಿಂದ ಒಂದೊಂದೇ ತೊಟ್ಟನ್ನು ಕೆನ್ನೆಗೆ ಇಳಿಸಿ, ಐದು ನಿಮಿಷ ಕಾದು, ಮತ್ತೊಂದನ್ನು ಹಚ್ಚಿ, ಮಾರನೆಯ ದಿನ ಮಧ್ಯಾಹ್ನ ಒಂದು ಗಂಟೆಗೆ ಬರಿದಲೆಯಲ್ಲಿ, ಕೊಡೆಯಿಲ್ಲದೆ, ಲಿವರ್‌ಪೂಲ್ ರೈಲು ನಿಲ್ದಾಣದವರೆಗೆ ನಡೆದುಹೋಗುವುದನ್ನು ಕಂಡಾಗಲೇ ನನಗೆ ಈ ವಿಷಯವಾಗಿ ಬರೆಯಬೇಕೆನಿಸಿತು.

ಅವಳನ್ನು ಆಕ್ಷೇಪಿಸುವುದು ನನ್ನ ಉದ್ದೇಶವಲ್ಲ. "ದೊಡ್ಡಪ್ಪ, ಇಪ್ಪತ್ತೈದು ದಾಟಿದ ಮೇಲೆ ಶುರುಮಾಡಿದರೆ ತಡವಾಗುತ್ತಂತೆ" ಎಂದು ಅವಳು ಹೇಳಿದಾಗ ಆ ಮಾತಿನಲ್ಲಿದ್ದುದು ಜಂಬವಲ್ಲ, ಕಳವಳ. ಜರೆಯನ್ನು ದೂರವಿಡಬೇಕೆಂಬ ಬಯಕೆ ನಮ್ಮ ಪರಂಪರೆಗೆ ಹೊಸದೇನೂ ಅಲ್ಲ. ಮುದಿಯಾದ ಚ್ಯವನನಿಗೆ ಅಶ್ವಿನೀದೇವತೆಗಳು ಯೌವನವನ್ನು ಮರಳಿ ಕೊಟ್ಟ ಕಥೆ ನಮ್ಮದು; ಮಗನ ಹರೆಯವನ್ನು ಸಾಲವಾಗಿ ಪಡೆದ ಯಯಾತಿಯ ಕಥೆಯೂ ನಮ್ಮದು; ಆಯುರ್ವೇದದ ಎಂಟು ಅಂಗಗಳಲ್ಲಿ ಒಂದು ಕೇವಲ ರಸಾಯನಕ್ಕೆ, ಅಂದರೆ ಮುಪ್ಪನ್ನು ತಡೆಯುವ ಉಪಾಯಗಳಿಗೆ ಮೀಸಲಾಗಿದೆ. ಅಷ್ಟಾಂಗಹೃದಯವನ್ನು ಬರೆದ ವಾಗ್ಭಟನು ದಿನಚರಿಯ ಅಧ್ಯಾಯದಲ್ಲಿ ನಿತ್ಯದ ಅಭ್ಯಂಗವು ಜರೆಯನ್ನೂ ಶ್ರಮವನ್ನೂ ಕಳೆಯುತ್ತದೆಂದು ಹೇಳಿದುದು ಎಲ್ಲರಿಗೂ ತಿಳಿದ ಸಂಗತಿ. ಅದೇ ಅಧ್ಯಾಯದಲ್ಲಿ ಅವನು, ಹೊರಗೆ ಹೊರಡುವವನು ಕೊಡೆಯನ್ನು ಹಿಡಿದು, ಪಾದರಕ್ಷೆಯನ್ನು ಮೆಟ್ಟಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯತಕ್ಕದ್ದು ಎಂದೂ ವಿಧಿಸಿರುವನೆಂಬುದನ್ನು ಮಾತ್ರ ನಾವು ಮರೆತಿದ್ದೇವೆ. ಎಣ್ಣೆಯ ಭಾಗ ಸೀಸೆಯಾಗಿ ಮಾರುಕಟ್ಟೆಗೆ ಬಂತು. ಕೊಡೆಯ ಭಾಗದಲ್ಲಿ ಮಾರುವುದಕ್ಕೆ ಅಷ್ಟೊಂದು ಏನೂ ಇರಲಿಲ್ಲವಾದ್ದರಿಂದ ಅದು ಗ್ರಂಥದಲ್ಲಿಯೇ ಉಳಿಯಿತು.

ಚರ್ಮ ಮುಪ್ಪಾಗುವುದಕ್ಕೆ ಎರಡು ಕಾರಣಗಳುಂಟು. ಒಂದು ಕಾಲ, ಅದರೊಡನೆ ವ್ಯಾಜ್ಯ ಹೂಡುವಂತಿಲ್ಲ. ಇನ್ನೊಂದು ಬಿಸಿಲು. ಇವೆರಡರ ವ್ಯತ್ಯಾಸವನ್ನು ತಿಳಿಯಬೇಕಾದವರು ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ. ಐವತ್ತು ದಾಟಿದ ಯಾವ ರೈತನಾದರೂ ತನ್ನ ಮುಂಗೈಯ ಹೊರಮೈಯನ್ನೂ, ತೋಳಿನ ಒಳಮೈಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು, ಒಂದೇ ದಿನ ಹುಟ್ಟಿದ ಒಂದೇ ಚರ್ಮ ಎರಡು ವಯಸ್ಸನ್ನು ತೋರಿಸುತ್ತದೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳಲ್ಲಿ ಬಿ ಎಂಬ ವರ್ಗದವು ಮೇಲ್ಪದರವನ್ನು ಸುಡುತ್ತವೆ, ಎ ಎಂಬ ವರ್ಗದವು ಇನ್ನೂ ಆಳಕ್ಕಿಳಿದು, ಚರ್ಮವನ್ನು ಬಿಗಿಯಾಗಿ ಹಿಡಿದಿರುವ ಕೊಲಾಜೆನ್ ಎಂಬ ನಾರುಗಳನ್ನು ಮೆಲ್ಲಮೆಲ್ಲನೆ ಕತ್ತರಿಸುತ್ತವೆ. ಎ ವರ್ಗದ ಕಿರಣಕ್ಕೆ ಮೋಡವೂ ಕಿಟಕಿಯ ಗಾಜೂ ಅಷ್ಟಾಗಿ ಅಡ್ಡಿಯಲ್ಲ. 2012ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಪತ್ರಿಕೆಯೊಂದು ಅರವತ್ತೊಂಬತ್ತು ವರ್ಷದ ಒಬ್ಬ ಚಾಲಕನ ಭಾವಚಿತ್ರವನ್ನು ಪ್ರಕಟಿಸಿತು. ಇಪ್ಪತ್ತೆಂಟು ವರ್ಷ ಸರಕು ಸಾಗಿಸುವ ವಾಹನವನ್ನು ಓಡಿಸಿದ ಆತನ ಮುಖದ ಎಡಭಾಗ, ಅಂದರೆ ಆ ದೇಶದಲ್ಲಿ ಚಾಲಕನ ಕಿಟಕಿಯಿರುವ ಭಾಗ, ಉಳುಮೆಯಾದ ಹೊಲದಂತೆ ಸಾಲುಸಾಲಾಗಿ ಸುಕ್ಕುಗಟ್ಟಿತ್ತು. ಬಲಭಾಗ ಹತ್ತಿಪ್ಪತ್ತು ವರ್ಷ ಕಿರಿಯನ ಮುಖದಂತಿತ್ತು. ನಮ್ಮಲ್ಲಿ, ಆಸ್ಟ್ರೇಲಿಯದಲ್ಲಿಯೂ ಭಾರತದಲ್ಲಿಯೂ, ಕಿಟಕಿ ಬಲಕ್ಕಿರುವುದರಿಂದ ಸುಕ್ಕೂ ಬಲಕ್ಕೇ ಬರುವುದು.

ಬಿಸಿಲನ್ನು ತಡೆದರೆ ಚರ್ಮದ ಮುಪ್ಪೂ ತಡವಾಗುತ್ತದೆಂಬ, ಬಹುದಿನ ಊಹೆಯಾಗಿದ್ದ ಮಾತನ್ನು ಪರೀಕ್ಷೆಯಿಂದ ಸ್ಥಾಪಿಸಿದ ಕೀರ್ತಿ ಈ ದೇಶದ್ದು. ಕ್ವೀನ್ಸ್‌ಲ್ಯಾಂಡಿನ ನಾಂಬೂರ್ ಎಂಬ ಚಿಕ್ಕ ಊರಿನಲ್ಲಿ 1992ರಿಂದ 1996ರವರೆಗೆ ಅಡೆಲ್ ಗ್ರೀನ್ ಎಂಬ ವಿದುಷಿಯ ನೇತೃತ್ವದಲ್ಲಿ 1,621 ಮಂದಿಯನ್ನು ಚೀಟಿ ಎತ್ತಿದ ಹಾಗೆ ಗುಂಪುಗಳಾಗಿ ವಿಭಾಗಿಸಿ, ಅರ್ಧದಷ್ಟು ಜನರಿಗೆ ದಿನವೂ ಬೆಳಗ್ಗೆ ಮುಖ, ಕತ್ತು, ಕೈಗಳಿಗೆ ಸನ್‌ಸ್ಕ್ರೀನ್ ಹಚ್ಚಿಕೊಳ್ಳುವಂತೆಯೂ, ಉಳಿದವರಿಗೆ ತಮ್ಮ ಎಂದಿನ ರೂಢಿಯಂತೆಯೇ ಇರುವಂತೆಯೂ ಹೇಳಲಾಯಿತು. ಬಿಸಿಲನ್ನು ತಡೆಯುವ ಬಲವನ್ನು ಸೂಚಿಸುವ ಎಸ್‌ಪಿಎಫ್ ಎಂಬ ಅಂಕೆಯಲ್ಲಿ ಆ ಲೇಪ ಈಗಿನ ಐವತ್ತರದೂ ಅಲ್ಲ, ಹದಿನಾರರದು. ಐವತ್ತೈದು ವರ್ಷದೊಳಗಿನ 903 ಮಂದಿಯ ಎಡಗೈಯ ಹಿಂಬದಿಯ ಅಚ್ಚನ್ನು, ದಂತವೈದ್ಯರು ಹಲ್ಲಿನ ಅಚ್ಚನ್ನು ತೆಗೆಯುವಂತೆ ತೆಗೆದು, ಅದರಲ್ಲಿ ಮೂಡಿದ ಗೆರೆಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಪರಿಶೀಲಿಸಲಾಯಿತು. ನಾಲ್ಕೂವರೆ ವರ್ಷಗಳ ತರುವಾಯ, ದಿನವೂ ಹಚ್ಚಿಕೊಂಡವರ ಚರ್ಮದಲ್ಲಿ ಮುಪ್ಪಿನ ಏರಿಕೆ ಕಣ್ಣಿಗೆ ಬೀಳುವಷ್ಟು ಇರಲಿಲ್ಲ. ಇನ್ನೊಂದು ಗುಂಪಿಗೆ ಹೋಲಿಸಿದರೆ ಅದು ನೂರಕ್ಕೆ ಇಪ್ಪತ್ತನಾಲ್ಕರಷ್ಟು ಕಡಮೆಯಾಗಿತ್ತು. 2013ರಲ್ಲಿ ಪ್ರಕಟವಾದ ಈ ಫಲಿತಾಂಶಕ್ಕಿಂತ ಎರಡು ವರ್ಷ ಮೊದಲು ಬಂದ ಇನ್ನೊಂದು ವರದಿಯಲ್ಲಿ, ಮೆಲನೋಮ ಎಂಬ ಘೋರವಾದ ಚರ್ಮದ ಕ್ಯಾನ್ಸರು ಮೊದಲ ಗುಂಪಿನಲ್ಲಿ 11 ಮಂದಿಗೂ ಎರಡನೆಯದರಲ್ಲಿ 22 ಮಂದಿಗೂ ಬಂದಿತ್ತೆಂದಿತ್ತು. ಅದೇ ಪರೀಕ್ಷೆಯಲ್ಲಿ ಬೀಟಾ ಕೆರೊಟಿನ್ ಮಾತ್ರೆಯನ್ನೂ ಕೊಟ್ಟು ನೋಡಿದ್ದರು. ಚರ್ಮದ ಮುಪ್ಪಿನ ಮೇಲೆ ಅದರ ಪರಿಣಾಮವೇನೂ ಕಾಣಲಿಲ್ಲ.

ಸೌಂದರ್ಯಕ್ಕೆಂದು ಬಿಸಿಲನ್ನು ಬಯಸಿ ಕೆಟ್ಟ ಅನುಭವ ಈ ನಾಡಿನ ಬಿಳಿಯರದ್ದು. ಅದಕ್ಕೇ ಟೋಪಿಯ ನಿಯಮ ಇಲ್ಲಿ ಇಷ್ಟು ಕಟ್ಟುನಿಟ್ಟು. ಮೆಲ್ಬರ್ನಿನ ಕ್ಯಾನ್ಸರ್ ನಿರೋಧ ಸಂಸ್ಥೆ 1981ರಲ್ಲಿ ಕಡಲಹಕ್ಕಿಯೊಂದರ ಚಿತ್ರದಿಂದ, ಅಂಗಿ ತೊಡಿ, ಲೇಪ ಹಚ್ಚಿ, ಟೋಪಿ ಹಾಕಿ ಎಂಬ ಪ್ರಚಾರವನ್ನು ಆರಂಭಿಸಿತು. 2007ರಲ್ಲಿ ಅದೇ ಮೆಲ್ಬರ್ನಿನ ಕ್ಲೇರ್ ಆಲಿವರ್ ಎಂಬ ಇಪ್ಪತ್ತಾರು ವರ್ಷದ ಹೆಣ್ಣುಮಗಳು, ಮೈಬಣ್ಣ ಕಂದಿಸಿಕೊಳ್ಳುವ ದೀಪಶಯ್ಯೆಗಳನ್ನು ಬಳಸಿದ್ದವಳು, ಮೆಲನೋಮದಿಂದ ಸಾಯುವ ಮುನ್ನ ತನ್ನ ಕೊನೆಯ ವಾರಗಳನ್ನು ಇತರ ತರುಣಿಯರನ್ನು ಎಚ್ಚರಿಸುವುದಕ್ಕೆ ವಿನಿಯೋಗಿಸಿದಳು. 2014 ಕಳೆಯುವ ಹೊತ್ತಿಗೆ ನ್ಯೂ ಸೌತ್ ವೇಲ್ಸ್, ವಿಕ್ಟೋರಿಯ ಎರಡರಲ್ಲಿಯೂ ಆ ವ್ಯಾಪಾರಕ್ಕೆ ನಿಷೇಧ ಬಿತ್ತು. ಮೆಲನೋಮದ ಚಿಕಿತ್ಸೆಯಲ್ಲಿ ದುಡಿದ ಸಿಡ್ನಿಯ ಜಾರ್ಜಿನಾ ಲಾಂಗ್ ಮತ್ತು ರಿಚರ್ಡ್ ಸ್ಕೋಲಿಯರ್ 2024ರಲ್ಲಿ ಈ ದೇಶದ ವರ್ಷದ ವ್ಯಕ್ತಿಗಳೆಂದು ಗೌರವಿಸಲ್ಪಟ್ಟರು.

ಇನ್ನು ಆ ಹನ್ನೊಂದು ಸೀಸೆಗಳ ವಿಚಾರ. ಒಂದೊಂದನ್ನೂ ಕೈಗೆತ್ತಿಕೊಂಡು ಅವಳೊಡನೆ ಕುಳಿತು ಓದಿದೆ. ಅವುಗಳಲ್ಲಿ ಒಂದರಲ್ಲಿ ರೆಟಿನಾಲ್ ಇತ್ತು. ವಿಟಮಿನ್ ಎ ಕುಲದ ಈ ದ್ರವ್ಯಗಳಲ್ಲಿ ಟ್ರೆಟಿನಾಯಿನ್ ಎಂಬ ಪ್ರಬಲವಾದದ್ದು ಬಿಸಿಲಿನ ಸುಕ್ಕನ್ನು ನಿಜವಾಗಿಯೂ ಸ್ವಲ್ಪಮಟ್ಟಿಗೆ ಹಿಮ್ಮೆಟ್ಟಿಸುತ್ತದೆಂಬುದಕ್ಕೆ ಆಧಾರಗಳಿವೆ, ಮತ್ತು ಅದು ಇಲ್ಲಿ ವೈದ್ಯರ ಚೀಟಿಯಿಲ್ಲದೆ ದೊರೆಯುವುದಿಲ್ಲ. ಆದರೆ ಇನ್ನೂ ಬಾರದ ಸುಕ್ಕಿಗೆ ಇಪ್ಪತ್ತಮೂರರಲ್ಲಿ ಈ ಕುಲದ ಯಾವುದನ್ನಾದರೂ ಹಚ್ಚುವ ಅಗತ್ಯವೇನು? ಅವಳ ಮೂಗಿನ ಹೊಳ್ಳೆಗಳ ಪಕ್ಕದಲ್ಲಿ ಚರ್ಮ ಸಿಪ್ಪೆಯೆದ್ದು, ತುಟಿಯ ಕೊನೆಗಳು ಕೆಂಪಾಗಿ, ಬೆಳಗಿನ ನೀರು ತಾಗಿದರೂ ಉರಿಯುತ್ತಿತ್ತು. ಹೀಗೆ ಕೆರಳಿದ ಚರ್ಮಕ್ಕೆ ಬಿಸಿಲು ಇನ್ನಷ್ಟು ತಾಗುತ್ತದೆ, ನಮ್ಮಂಥ ಕಂದುಮೈಯವರಲ್ಲಿ ಕೆರಳಿದ ಜಾಗವೆಲ್ಲ ಕಲೆಯಾಗಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಮದುವೆಯಾಗಿ ಬಸುರಿನ ಯೋಚನೆಯಲ್ಲಿರುವ ಹೆಣ್ಣುಮಕ್ಕಳಂತೂ ಈ ಕುಲದ ಲೇಪಗಳನ್ನು ಮುಟ್ಟಲಾಗದೆಂಬುದನ್ನು ಇಪ್ಪತ್ತರ ಹರೆಯದವರಿಗೆ ಮಾರುವಾಗ ಎಷ್ಟು ಮಂದಿ ಬಾಯಿಬಿಟ್ಟು ಹೇಳುತ್ತಾರೆ? ಉಳಿದ ಸೀಸೆಗಳಲ್ಲಿ ಹೆಚ್ಚಿನವು ನೀರು, ಸುವಾಸನೆ, ಭರವಸೆ. ಸಾಧಾರಣವಾದೊಂದು ಸಾಬೂನು, ಒಣಗಿದಾಗ ಹಚ್ಚಲೊಂದು ಕೆನೆ, ಬೆಳಗ್ಗೆ ಸನ್‌ಸ್ಕ್ರೀನು, ಇವಿಷ್ಟರ ಹೊರತು ಆ ವಯಸ್ಸಿನ ಮುಖಕ್ಕೆ ಬೇರೇನೂ ಬೇಕಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಅಷ್ಟರಲ್ಲಿ ಮೈಸೂರಿನಿಂದ ಅವಳ ತಾಯಿಯ ಕರೆ ಬಂತು. ಪರದೆಯ ಮೇಲೆ ಮಗಳ ಮುಖ ಕಂಡೊಡನೆ ಆಕೆ ಆಡಿದ ಮೊದಲ ಮಾತು, "ಏನೇ ಇದು, ಇಷ್ಟು ಕಪ್ಪಾಗಿ ಹೋಗಿದ್ದೀಯಲ್ಲೇ!" ಪ್ರೀತಿಯಿಂದಲೇ ಆಡಿದ ಮಾತು, ಆದರೆ ನಮ್ಮ ಮನೆಗಳಲ್ಲಿ ಬಿಸಿಲಿನಿಂದ ಮೈಕಾಯುವ ಮಾತೆಲ್ಲ ಕೊನೆಗೆ ಈ ಒಂದು ತಿರುವಿಗೆ ಬಂದು ನಿಲ್ಲುವುದು ಎಂಥ ವಿಷಾದ! 1975ರಲ್ಲಿ ಮಾರುಕಟ್ಟೆಗೆ ಬಂದ ಬಿಳಿಮಾಡುವ ಕೆನೆಯೊಂದು, ನಲವತ್ತೈದು ವರ್ಷ ಫೇರ್ ಅಂಡ್ ಲವ್ಲಿ ಎಂದೇ ಹೆಸರಾಗಿದ್ದು, 2020ರಲ್ಲಿ ಆ ಮೊದಲ ಪದವನ್ನು ಕಳಚಿಕೊಂಡಿತು. ಪದ ಹೋಯಿತು, ಮನಸ್ಸಿನ ಬಯಕೆ ಹೋಗಲಿಲ್ಲ. ತಾಯಿ ಹಿಂದಿನ ವರ್ಷ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಜೊತೆಗೆ ಕಳುಹಿಸಿದ ಒಂದು ಸಣ್ಣ ಕೊಳವೆಯನ್ನು ಹುಡುಗಿ ನನಗೆ ತೋರಿಸಿದಳು. ಔಷಧದ ಅಂಗಡಿಯಲ್ಲಿ ಚೀಟಿ ಕೇಳದೆ ಕೊಟ್ಟದ್ದು. ಒಳಗಿದ್ದುದು ಸ್ಟೆರಾಯ್ಡ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಈ ಮೂರರ ಮಿಶ್ರಣ. ತಜ್ಞನ ಕಣ್ಣಳತೆಯಲ್ಲಿ ಕೆಲವೇ ವಾರ ಬಳಸಬೇಕಾದ ಈ ಮುಲಾಮನ್ನು ನಮ್ಮ ನಾಡಿನಲ್ಲಿ ಎಷ್ಟೋ ಹೆಣ್ಣುಮಕ್ಕಳು ಸ್ನೋ ಪೌಡರುಗಳಂತೆ ವರ್ಷಾನುಗಟ್ಟಲೆ ಹಚ್ಚಿ, ಚರ್ಮ ಹಾಳೆಯಂತೆ ತೆಳುವಾಗಿ, ರಕ್ತನಾಳಗಳು ಕೆಂಪುದಾರಗಳಂತೆ ಮೇಲೆದ್ದು, ಮೊಡವೆ ಕೂದಲುಗಳು ಹೆಚ್ಚಿ, ಬಿಟ್ಟರೆ ಉರಿ, ಹಚ್ಚಿದರೆ ಹಾನಿ ಎಂಬ ಸಂಕಟಕ್ಕೆ ಸಿಲುಕುತ್ತಿದ್ದಾರೆ. ಆ ಕೊಳವೆಯನ್ನು ನಾನು ಕಸದ ಬುಟ್ಟಿಗೆ ಹಾಕಲಿಲ್ಲ. ಎಷ್ಟು ದಿನ ಹಚ್ಚಿದ್ದಾಳೆಂಬುದನ್ನು ಕೇಳಿಕೊಂಡು, ಅದನ್ನು ಕೈಯಲ್ಲಿ ಹಿಡಿಸಿ, ವೈದ್ಯರ ಬಳಿಗೆ ಕಳುಹಿಸಿದೆ.

ಮೈಯನ್ನು ಕಾಯುವುದು ಬೇರೆ, ಮೈಯ ಬಣ್ಣವನ್ನು ಹಳಿಯುವುದು ಬೇರೆ. ನಮ್ಮ ಕಂದುಬಣ್ಣ ಸ್ವತಃ ಒಂದು ಕೊಡೆ. ಚರ್ಮದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯ ಕಿರಣಗಳನ್ನು ಹೀರಿಕೊಳ್ಳುವುದರಿಂದಲೇ ನಮ್ಮವರಲ್ಲಿ ಸುಕ್ಕು ಬಿಳಿಯರಿಗಿಂತ ಎಷ್ಟೋ ತಡವಾಗಿ ಬರುವುದೂ, ಬಿಸಿಲಿನಿಂದಾಗುವ ಕ್ಯಾನ್ಸರು ವಿರಳವಾಗಿರುವುದೂ. 2024ರಲ್ಲಿ ಆಸ್ಟ್ರೇಲಿಯದ ಚರ್ಮತಜ್ಞರೂ ಕ್ಯಾನ್ಸರ್ ಸಂಸ್ಥೆಗಳೂ ಸೇರಿ ಪ್ರಕಟಿಸಿದ ಹೇಳಿಕೆ ಈ ಸತ್ಯವನ್ನು ಮೊದಲ ಬಾರಿಗೆ ವಿವರವಾಗಿ ಮನ್ನಿಸಿ, ಜನರನ್ನು ಚರ್ಮದ ಬಣ್ಣಕ್ಕೆ ಅನುಸಾರವಾಗಿ ಮೂರು ವರ್ಗಗಳಾಗಿ ವಿಂಗಡಿಸಿತು: ಬಿಳಿಯ ಮೈಯವರು ಬಹಳ ಎಚ್ಚರದಿಂದಿರಬೇಕು, ನಡುವಣ ಬಣ್ಣದವರು ಬಹುಹೊತ್ತು ಹೊರಗಿರುವಾಗ ಎಚ್ಚರ ವಹಿಸಬೇಕು, ಕಡುಕಪ್ಪು ಮೈಯವರಿಗೆ ದಿನನಿತ್ಯ ಸನ್‌ಸ್ಕ್ರೀನು ಬೇಕೆಂದೇ ಇಲ್ಲ, ಅವರಿಗೆ ವಿಟಮಿನ್ ಡಿ ಕಡಮೆಯಾಗದಂತೆ ಬಿಸಿಲು ಬೇಕಾದೀತು. ಲಿವರ್‌ಪೂಲಿನ ಕಚೇರಿಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಗಾಜಿನ ಹಿಂದೆ ಕುಳಿತಿರುವ ನಮ್ಮ ಕನ್ನಡದ ಮಕ್ಕಳಲ್ಲಿ ವಿಟಮಿನ್ ಡಿ ಕೊರತೆ ಕೇಳದ ಮಾತೇನಲ್ಲ. ಆದಕಾರಣ ನಾಂಬೂರಿನ ಪರೀಕ್ಷೆ ಬಹುಮಟ್ಟಿಗೆ ಬಿಳಿಯರ ಮೇಲೆ ನಡೆದದ್ದೆಂಬುದನ್ನು ಮರೆಯದೆ, ಅದರಿಂದ ನಮಗೆ ಬೇಕಾದಷ್ಟನ್ನೇ ತೆಗೆದುಕೊಳ್ಳುವುದು ನ್ಯಾಯ.

ನಮಗೆ ಬೇಕಾದದ್ದು ಏನೆಂದರೆ ಕಲೆಯಿಂದ ರಕ್ಷಣೆ. ಕಂದುಮೈಯ ಮುಪ್ಪು ಸುಕ್ಕಿನಿಂದಲ್ಲ, ಬಣ್ಣದ ಅಸಮತೆಯಿಂದ ಆರಂಭವಾಗುತ್ತದೆ. ಕೆನ್ನೆಯ ಮೂಳೆಯ ಮೇಲೆ ಚಿಟ್ಟೆಯ ರೆಕ್ಕೆಯಂತೆ ಹರಡುವ ಬಂಗು, ಕಣ್ಣಿನ ಸುತ್ತಿನ ಕಪ್ಪು, ಹಣೆಯ ಅಂಚಿನ ಛಾಯೆ, ಇವೆಲ್ಲ ಇಪ್ಪತ್ತರ ಕೊನೆಯಲ್ಲಿಯೂ ಬಸಿರು ಬಾಣಂತನಗಳ ಕಾಲದಲ್ಲಿಯೂ ತಲೆದೋರಿ, ಒಮ್ಮೆ ಬಂದ ಮೇಲೆ ಹೋಗಲೊಲ್ಲವು. ಬಂಗಿಗೆ ಅತಿನೇರಳೆ ಕಿರಣವಷ್ಟೇ ಅಲ್ಲದೆ ಕಣ್ಣಿಗೆ ಕಾಣುವ ಬೆಳಕೂ ಕಾರಣ. ಮಾಮೂಲು ಸನ್‌ಸ್ಕ್ರೀನು ಅದನ್ನು ತಡೆಯಲಾರದು, ಕಬ್ಬಿಣದ ಆಕ್ಸೈಡು ಬೆರೆತ, ಮಣ್ಣಿನ ಬಣ್ಣದ ಲೇಪ ತಡೆಯಬಲ್ಲುದು. ಸತುವಿನ ಬಿಳಿಯ ಲೇಪ ನಮ್ಮವರ ಮುಖಕ್ಕೆ ವಿಭೂತಿ ಬಳಿದಂತೆ ಕಾಣುತ್ತದೆಂದು ಬಿಟ್ಟುಬಿಟ್ಟ ಎಷ್ಟೋ ಮಂದಿಗೆ ಇದು ಎರಡು ಕಷ್ಟಕ್ಕೆ ಒಂದೇ ಪರಿಹಾರ. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ನಮ್ಮಂಥವರಿಗೆ ಅಪರೂಪವಾಗಿ ಬರುವ ಮೆಲನೋಮ ಬಿಸಿಲು ಬೀಳದ ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನ ಕೆಳಗೆ ಬರುವುದುಂಟು. ಅಲ್ಲಿ ಬೆಳೆಯುತ್ತಿರುವ ಕಪ್ಪುಮಚ್ಚೆಯನ್ನು ಮುಳ್ಳು ಚುಚ್ಚಿದ ಗುರುತೆಂದು ತಳ್ಳಿಹಾಕಬಾರದು.

ಇಲ್ಲಿಯ ಸೂರ್ಯನ ರೀತಿಯನ್ನು ಅರಿಯುವುದಕ್ಕೆ ನಮ್ಮ ಪಂಚಾಂಗವೇ ಸಾಕು, ಆದರೆ ಅದನ್ನು ತಲೆಕೆಳಗಾಗಿ ಓದಬೇಕು. ಎಳ್ಳುಬೆಲ್ಲ ಹಂಚುವ ಸಂಕ್ರಾಂತಿ ಇಲ್ಲಿ ನಡುಬೇಸಗೆ; ಉತ್ತರಾಯಣವೆಂದರೆ ಸೂರ್ಯ ನಮ್ಮನ್ನು ಬಿಟ್ಟು ಹೊರಟನೆಂದರ್ಥ. ಜನವರಿಯ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಜುಲೈಗಿಂತ ಸುಮಾರು ಐವತ್ತು ಲಕ್ಷ ಕಿಲೋಮೀಟರು ಹತ್ತಿರವಿರುವುದರಿಂದ ದಕ್ಷಿಣದ ಬೇಸಗೆಗೆ ಬೆಳಕಿನ ಪ್ರಮಾಣ ನೂರಕ್ಕೆ ಏಳರಷ್ಟು ಹೆಚ್ಚು, ಗಾಳಿಯೂ ನಿರ್ಮಲ. ರಥಸಪ್ತಮಿಯ ದಿನ ಹೆಗಲ ಮೇಲೆ ಎಕ್ಕದೆಲೆಯಿಲ್ಲದಿದ್ದರೂ ಭಕ್ತಿಯಿಂದ ಉದ್ಯಾನದಲ್ಲಿ ನೂರೆಂಟು ಸೂರ್ಯನಮಸ್ಕಾರ ಹಾಕುವ ನಮ್ಮ ತರುಣರು, ಬೆಳಗಿನ ಬಿಸಿಲು ಎಳೆಯದೆಂದು ನಂಬಿ ಒಂಬತ್ತು ದಾಟಿದರೂ ನಿಂತಿರುತ್ತಾರೆ. ಆ ಹೊತ್ತಿಗಾಗಲೇ ಅತಿನೇರಳೆಯ ಸೂಚ್ಯಂಕ ಎಚ್ಚರಿಕೆಯ ಗೆರೆಯಾದ ಮೂರನ್ನು ಮುಟ್ಟಿರುತ್ತದೆ, ಬೇಸಗೆಯಲ್ಲಿ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ನೆತ್ತಿಯ ಸೂರ್ಯ ಹನ್ನೆರಡಕ್ಕಲ್ಲ, ಒಂದು ಗಂಟೆಯ ಮೇಲೆ ಬರುತ್ತಾನೆ. ನಮ್ಮ ಹುಡುಗಿ ನಿಲ್ದಾಣಕ್ಕೆ ನಡೆಯುವ ವೇಳೆ ಅದೇ. ಬೆಂಗಳೂರಿನವರು ಈ ಮಾತನ್ನು ಓದಿ, ಇದೆಲ್ಲ ಆಸ್ಟ್ರೇಲಿಯದ ಕಷ್ಟವೆಂದು ಸಮಾಧಾನ ಪಡುವ ಹಾಗಿಲ್ಲ. ಲಿವರ್‌ಪೂಲಿನಲ್ಲಿ ಜೂನ್ ತಿಂಗಳಲ್ಲಿ ಆ ಸೂಚ್ಯಂಕ ಎರಡು ಮೂರರ ಆಸುಪಾಸಿಗೆ ಇಳಿದು ಚರ್ಮಕ್ಕೆ ಬಿಡುವು ಕೊಡುತ್ತದೆ; ಹದಿಮೂರು ಡಿಗ್ರಿ ಅಕ್ಷಾಂಶದಲ್ಲಿ, ಮೂರು ಸಾವಿರ ಅಡಿ ಎತ್ತರದಲ್ಲಿ ಕುಳಿತ ಬೆಂಗಳೂರಿಗೆ, ತಂಪುಗಾಳಿಯ ಮರೆಯಲ್ಲಿ, ವರ್ಷದ ಯಾವ ತಿಂಗಳಲ್ಲಿಯೂ ಆ ಬಿಡುವಿಲ್ಲ. ತಂಪಿಗೂ ಈ ಕಿರಣಕ್ಕೂ ಸಂಬಂಧವಿಲ್ಲ.

ಹಚ್ಚುವ ಕ್ರಮ ಕಷ್ಟದ್ದಲ್ಲ. ಮುಖ, ಕಿವಿ, ಕತ್ತುಗಳಿಗೆ ಸೇರಿ ಒಂದು ಚಹಾ ಚಮಚದಷ್ಟು, ಹೊರಡುವುದಕ್ಕೆ ಇಪ್ಪತ್ತು ನಿಮಿಷ ಮೊದಲು, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಬಹುತೇಕ ಜನ ಇದರ ಅರ್ಧವನ್ನೂ ಹಚ್ಚುವುದಿಲ್ಲ. ಸೀಸೆಯ ಮೇಲಿನ ಅಂಕೆಯನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. 2025ರ ಜೂನಿನಲ್ಲಿ ಚಾಯ್ಸ್ ಎಂಬ ಇಲ್ಲಿನ ಬಳಕೆದಾರರ ಸಂಸ್ಥೆ ಇಪ್ಪತ್ತು ಸನ್‌ಸ್ಕ್ರೀನುಗಳನ್ನು ಪರೀಕ್ಷಿಸಿದಾಗ ಹದಿನಾರು ತಾವು ಹೇಳಿಕೊಂಡ ಅಂಕೆಯನ್ನು ಮುಟ್ಟಲಿಲ್ಲ. ಔಷಧವೆಂದು ಸರ್ಕಾರವೇ ನಿಯಂತ್ರಿಸುವ ದೇಶದಲ್ಲಿ ಈ ಗತಿಯಾದರೆ, ಸ್ನೋ ಪೌಡರುಗಳ ಸಾಲಿನಲ್ಲಿಯೇ ಎಣಿಸುವ ನಮ್ಮ ದೇಶದಲ್ಲಿ ಪರೀಕ್ಷಿಸುವವರು ಯಾರು? ಟೋಪಿಗೂ ಕೊಡೆಗೂ ನೆರಳಿಗೂ ಮಾತ್ರ ಯಾವ ಅಂಕೆಯ ಮೋಸವೂ ಇಲ್ಲ. ನಮ್ಮ ಕರಾವಳಿಯ ರೈತ ಅಡಕೆಹಾಳೆಯಿಂದ ಮಾಡಿದ ಮುಟ್ಟಾಳೆ, ಬಯಲುಸೀಮೆಯವನ ರುಮಾಲು, ನಮ್ಮ ತಾಯಂದಿರು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದ ಸೆರಗು, ಇವನ್ನು ಹಿಂದುಳಿದವರ ವೇಷವೆಂದು ಕಳಚಿಟ್ಟವರು ನಾವೇ.

ಇಷ್ಟೆಲ್ಲ ಬರೆದೂ ನಾನು ಚಿಂತಿಸಬೇಕಾದ ಇಪ್ಪತ್ತರ ಹರೆಯದವರನ್ನು ಬಿಟ್ಟು ಬೇರೆಯವರನ್ನು ಕುರಿತೇ ಚಿಂತಿಸುತ್ತಿದ್ದೆನೆಂದು ತಿಳಿದದ್ದು ಕಳೆದ ಬೇಸಗೆಯ ಒಂದು ಮಧ್ಯಾಹ್ನ. ಊಟದ ಪೊಟ್ಟಣ ತಂದುಕೊಡುವ ಹುಡುಗ ಬಾಗಿಲಲ್ಲಿ ನಿಂತು, ಒಳಗಿನ ಮಾತು ಕಿವಿಗೆ ಬಿದ್ದುದರಿಂದ, "ಕನ್ನಡದವ್ರಾ ಸಾರ್?" ಎಂದ. ದಾವಣಗೆರೆಯ ಕಡೆಯವನು, ಸ್ನಾತಕೋತ್ತರ ಪದವಿಗೆ ಬಂದು, ಶುಲ್ಕಕ್ಕಾಗಿ ವಿದ್ಯುತ್ ಸೈಕಲ್ಲಿನ ಮೇಲೆ ದುಡಿಯುತ್ತಿರುವವನು. ಅವನ ಕೈಗಳನ್ನು ನೋಡಿದೆ. ಗಿಡ್ಡತೋಳಿನ ಅಂಗಿಯ ಅಂಚಿನಿಂದ ಗೆರೆ ಕೊರೆದಂತೆ ಕೆಳಗೆ ಬೇರೆಯೇ ಬಣ್ಣ. ಸೈಕಲ್ಲಿನ ಹಿಡಿಯನ್ನು ಹಿಡಿಯುವ ಮುಷ್ಟಿಯ ಗೆಣ್ಣುಗಳ ಮೇಲೆ ಚರ್ಮ ಒಣಗಿ ಸೀಳಿತ್ತು. ಹೆಲ್ಮೆಟ್ಟಿನ ಕೆಳಗೆ ಕತ್ತಿನ ಹಿಂಭಾಗ ಸುಟ್ಟು ಸುಲಿದಿತ್ತು. ಬಿಸಿಲು ಇಳಿದ ಮೇಲೆ ಬರಬಾರದೇನಪ್ಪ ಎಂದುದಕ್ಕೆ, "ಹನ್ನೊಂದೂವರೆಯಿಂದ ಮೂರರ ತನಕಾನೇ ಆರ್ಡರ್ ಜಾಸ್ತಿ ಸಾರ್, ದುಡ್ಡು ಆವಾಗ್ಲೇ" ಎಂದ. ಜನರ ಹಸಿವಿನ ಹೊತ್ತೂ ಸೂರ್ಯನ ಉಗ್ರತೆಯ ಹೊತ್ತೂ ಒಂದೇ ಆಗಿರುವುದರಿಂದ, ಅವನ ದುಡಿಮೆಯ ವೇಳೆಯನ್ನು ಆರಿಸುವ ಸ್ವಾತಂತ್ರ್ಯ ಅವನಿಗಿಲ್ಲ. ನಮ್ಮ ಹುಡುಗಿಯ ಹನ್ನೊಂದು ಸೀಸೆಗಳಲ್ಲಿ ಒಂದೂ ಅವನಿಗಾಗಿ ಮಾಡಿದ್ದಲ್ಲ. ಯೌವನದ ರಕ್ಷಣೆಯ ಮಾತನ್ನಾಡುವ ಯಾವ ಜಾಹೀರಾತೂ ಅವನ ಮುಖವನ್ನು ತೋರಿಸುವುದಿಲ್ಲ. ಬೆಂಗಳೂರಿನಲ್ಲಿ ನಡುಹಗಲು ವೃತ್ತದ ನಡುವೆ ನಿಲ್ಲುವ ಸಂಚಾರಿ ಪೊಲೀಸನೂ, ಬೀದಿ ಗುಡಿಸುವ ಪೌರಕಾರ್ಮಿಕಳೂ, ಕಟ್ಟಡದ ಸಾರುವೆಯ ಮೇಲಿರುವ ಯಾದಗಿರಿಯ ತರುಣನೂ ಇದೇ ವಯಸ್ಸಿನವರು.

ಈ ದೇಶದ ಎರಡು ಸಣ್ಣ ಕ್ರಮಗಳು ನನಗೆ ಬಹಳ ಮೆಚ್ಚುಗೆಯಾಗಿವೆ. ಎಸ್‌ಪಿಎಫ್ ಹದಿನೈದಕ್ಕೆ ಕಡಮೆಯಿಲ್ಲದ ಸನ್‌ಸ್ಕ್ರೀನಿನ ಮೇಲೆ ಇಲ್ಲಿ ಸರಕು ತೆರಿಗೆಯಿಲ್ಲ. ಬಿಸಿಲಿನಲ್ಲಿ ದುಡಿಯುವವನು ಅದಕ್ಕೂ ಟೋಪಿಗೂ ತಂಪುಕನ್ನಡಕಕ್ಕೂ ಮಾಡಿದ ವೆಚ್ಚವನ್ನು ತನ್ನ ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆದುಕೊಳ್ಳಬಹುದು. ನಮ್ಮಲ್ಲಿ ಅದು ಇನ್ನೂ ಶೃಂಗಾರದ ಸಾಮಗ್ರಿ. ತೆರಿಗೆಯೂ ಅದಕ್ಕೆ ತಕ್ಕಂತೆ. ಭಾರತ ಸರ್ಕಾರ ಅದನ್ನು ಪ್ರಸಾಧನದ ಪಟ್ಟಿಯಿಂದ ಕಿತ್ತು ಔಷಧದ ಪಟ್ಟಿಗೆ ಸೇರಿಸಿ, ಪರೀಕ್ಷೆಗೊಳಪಡಿಸಿ, ತೆರಿಗೆಯನ್ನು ಇಳಿಸಬೇಕು. ಕರ್ನಾಟಕದ ಪಾಲಿಕೆಗಳೂ ಗುತ್ತಿಗೆದಾರರೂ ಕೈಗವಸು ಪೊರಕೆಗಳ ಜೊತೆಗೆ ಅಂಚುಳ್ಳ ಟೋಪಿಯನ್ನೂ ಉದ್ದತೋಳಿನ ತೆಳುವಾದ ಅಂಗಿಯನ್ನೂ ಕೊಡತಕ್ಕದ್ದು. ನಮ್ಮ ಪ್ರಾಥಮಿಕ ಶಾಲೆಗಳ ಸಮವಸ್ತ್ರದ ಪಟ್ಟಿಯಲ್ಲಿ ಬೂಟು ಟೈಗಳಿಗಿಂತ ಮೊದಲು ಟೋಪಿ ಇರತಕ್ಕದ್ದು. ಲಿವರ್‌ಪೂಲಿನಲ್ಲಿ ಹೊಸ ಬಡಾವಣೆಗಳ ಬೀದಿಗಳಲ್ಲಿ ಮರಗಳು ಇನ್ನೂ ಎದೆಯೆತ್ತರಕ್ಕೆ ಬಂದಿಲ್ಲ. ಬೆಂಗಳೂರಿನಲ್ಲಿ ಇದ್ದ ಮರಗಳನ್ನು ರಸ್ತೆಗೆಂದು ಕಡಿಯುತ್ತಿದ್ದೇವೆ. ನೂರು ವರ್ಷ ಹಳೆಯ ಸಾಲುಮರದ ನೆರಳಿಗೆ ಸಮನಾದ ಲೇಪವನ್ನು ಯಾವ ಪ್ರಯೋಗಾಲಯವೂ ಇನ್ನೂ ಮಾಡಿಲ್ಲ.

ಹುಡುಗಿಯ ಕನ್ನಡಿಯ ಕೆಳಗೆ ಈಗ ಮೂರು ಸೀಸೆಗಳಿವೆ. ಉಳಿದವುಗಳಿಗೆ ಹೋಗುತ್ತಿದ್ದ ಹಣದಲ್ಲಿ ಅವಳು ಒಂದು ಲೀಟರಿನ, ಒತ್ತಿದರೆ ಸುರಿಯುವ ಸನ್‌ಸ್ಕ್ರೀನನ್ನು ತಂದು, ಹಜಾರದಲ್ಲಿ ಚಪ್ಪಲಿಗಳ ಗೂಡಿನ ಮೇಲೆ, ಮೊಮ್ಮಗನ ಟೋಪಿಯ ಕೆಳಗೆ ಇಟ್ಟಿದ್ದಾಳೆ. ಮೊನ್ನೆಯ ಶನಿವಾರ ದಾವಣಗೆರೆಯ ಹುಡುಗ ಮತ್ತೆ ಬಂದಾಗ ಅವಳು ಅದನ್ನು ಅವನ ಮುಂದೆ ಹಿಡಿದಳು. "ಇದು ಹೆಣ್ಮಕ್ಕಳು ಹಚ್ಕೊಳ್ಳೋದಲ್ವಾ ಅಕ್ಕಾ?" ಎಂದು ಅವನು ಸಂಕೋಚಪಟ್ಟ. ಅವಳು ಉತ್ತರ ಕೊಡದೆ ಅವನ ಅಂಗೈಗೆ ಎರಡು ಸಲ ಒತ್ತಿ, "ಕತ್ತಿನ ಹಿಂದೆ ಮರೀಬೇಡಿ" ಎಂದಳು. ಅವನು ಹೆಲ್ಮೆಟ್ಟನ್ನು ಬಗಲಿಗೆ ಸಿಕ್ಕಿಸಿಕೊಂಡು, ತಲೆ ತಗ್ಗಿಸಿ, ಮೊದಲು ಕತ್ತಿಗೆ, ಆಮೇಲೆ ಗೆಣ್ಣುಗಳಿಗೆ ನಿಧಾನವಾಗಿ ಸವರಿಕೊಳ್ಳುತ್ತಿದ್ದಂತೆ ಅವನ ಜೇಬಿನಲ್ಲಿ ಮುಂದಿನ ಆರ್ಡರಿನ ಗಂಟೆ ಬಾರಿಸಿತು.